ಶೆಡ್ಡಿನ ಕಂಬಕ್ಕೆ ಕಟ್ಟಿದ ಡಬ್ಬಿ

ಉಪ್ಪುಂದದ ರತ್ನಾಕರನ ಹೆಸರನ್ನು ಸಲಹೆಗಾರರ ಪಟ್ಟಿಗೆ ಸೇರಿಸಿದವನು ನಾನೇ. ಆ ಪಾಪ ನನ್ನ ತಲೆಯ ಮೇಲಿದೆ. ಬ್ರಹ್ಮಾವರದಲ್ಲಿ ನಮ್ಮದೊಂದು ಸಣ್ಣ ಕೇಂದ್ರ. ಔಷಧ, ಉಪಕರಣ ಅಂತ ಏನಾದರೂ ಕಂಡುಹಿಡಿದು, ಮುಂದೇನು ಮಾಡಬೇಕೆಂದು ತಿಳಿಯದೆ ಕುಳಿತ ಸಂಶೋಧಕರಿಗೆ ವ್ಯಾಪಾರ ಬಲ್ಲವರೊಬ್ಬರನ್ನು ಜೋಡಿಸಿಕೊಡುವುದು ಅದರ ಕೆಲಸ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ನಾನು ಅಲ್ಲಿ ಕಾಗದಪತ್ರ ನೋಡಿಕೊಳ್ಳುತ್ತೇನೆ. ಉಳಿದ ಸಲಹೆಗಾರರು ಕೋಟು ಹಾಕಿಕೊಂಡು ಬರುತ್ತಾರೆ. ರತ್ನಾಕರ ಮಾತ್ರ ತನ್ನ ಐಸ್ ಪ್ಲಾಂಟಿನಿಂದ ನೇರ ಬರುತ್ತಾನೆ, ಪ್ಯಾಂಟಿನ ಅಂಚು ಒದ್ದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು, ಎರಡು ವ್ಯಾಪಾರ ಮುಳುಗಿಸಿ ಮೂರನೆಯದರಲ್ಲಿ ಹೇಗೋ ನಿಂತವನು.

ಅವನಿಗೆ ಜೋಡಿಯಾದವಳು ಡಾಕ್ಟರ್ ಶ್ರೀವಿದ್ಯಾ. ಸಾಲಿಗ್ರಾಮದ ಹುಡುಗಿ. ತಂದೆ ಕೃಷ್ಣಯ್ಯ ದೇವಸ್ಥಾನದ ಅಡುಗೆಮನೆಯಲ್ಲಿ ದುಡಿದವರು, ಬಸ್ಸಿಗೆ ಮೀನಿನ ಬುಟ್ಟಿ ಹತ್ತಿದರೆ ಸೀಟು ಬದಲಿಸುವವರು. ಮಗಳು ಸಿಗಡಿ ಸಿಪ್ಪೆಯಿಂದಲೇ ಗಾಯದ ಮುಲಾಮು ಮಾಡಿ ಕೂತಿದ್ದಳು! ದಿನವಿಡೀ ಐಸು ನೀರಿನಲ್ಲಿ ಕೈಯಿಟ್ಟು ಸಿಗಡಿ ಸುಲಿಯುವ ಹೆಂಗಸರ ಬೆರಳು ಒಡೆದು ಹುಣ್ಣಾಗುತ್ತದಲ್ಲ, ಅದಕ್ಕೆ. ಒದ್ದೆ ಕೈಯಲ್ಲೂ ಹಿಡಿದು ನಿಲ್ಲುತ್ತದೆ ಎನ್ನುವುದು ಅದರ ವಿಶೇಷ. ಏಳು ವರ್ಷದ ಕೆಲಸ. ಇದು ಬೇಕೆನ್ನುವ ಜನ ಇದ್ದಾರೆಂದು ಮಾರ್ಚ್ ಮುಗಿಯುವುದರೊಳಗೆ ಹಣ ಕೊಡುವ ಸಮಿತಿಗೆ ತೋರಿಸಬೇಕಿತ್ತು. ಇಲ್ಲವಾದರೆ ಯೋಜನೆ ಬಂದ್, ಮುಲಾಮು ಕಪಾಟಿಗೆ.

ಮೊದಲ ದಿನವೇ ರತ್ನಾಕರ ಕೇಳಿದ: "ಹ್ವಾಯ್ ಡಾಕ್ಟ್ರೇ, ನಿಮ್ ಮದ್ದ್ ಯಾರಿಗ್ ಬೇಕ್?"

"ಎಲ್ಲರಿಗೂ ಬೇಕು ರತ್ನಾಕರಣ್ಣ."

"ಎಲ್ಲರಿಗೂ ಅಂದ್ರೆ ಯಾರಿಗೂ ಬ್ಯಾಡ ಅಂತ. ಒಬ್ರ್ ಹೆಸ್ರ್ ಹೇಳಿ ಕಾಂಬ."

ಅವಳು ಹೆಸರಿಗಾಗಿ ಫೈಲು ತಿರುವಿದಳು. ಮರುದಿನ ಅವಳನ್ನು ತ್ರಾಸಿ ಹತ್ತಿರದ ಸಿಗಡಿ ಶೆಡ್ಡಿಗೆ ಕರೆದುಕೊಂಡು ಹೋಗಿ ಬಾಗಿಯ ಎದುರು ಕೂರಿಸಿದ. ಬಾಗಿ ಮೂವತ್ತು ವರ್ಷದಿಂದ ಸಿಗಡಿ ಸುಲಿಯುವವಳು, ಆ ಶೆಡ್ಡಿನಲ್ಲಿ ಅವಳ ಮಾತೇ ಕೊನೆ. ಬೇಕಾದ ಅನುಮತಿಗಳನ್ನೆಲ್ಲ ಪಡೆದು ಅರವತ್ತು ಹೆಂಗಸರಿಗೆ ಒಂದೊಂದು ಟ್ಯೂಬ್ ಕೊಟ್ಟದ್ದಾಯಿತು. "ಕೈಯಗೆ ಕೊಟ್ ಬನ್ನಿ, ಹಚ್ಕಂತ್ರ್" ಎಂದವನು ರತ್ನಾಕರನೇ. ತಿಂಗಳ ಮೇಲೆ ಫಾರಂ ತುಂಬಿಸಿದರೆ ಅರವತ್ತಕ್ಕೆ ಅರವತ್ತೂ ಒಂದೇ ಮಾತು: ಮದ್ದು ಲಾಯ್ಕಿತ್ತು, ಅಂದರೆ ಚೆನ್ನಾಗಿದೆ. ಅವತ್ತು ರತ್ನಾಕರ ನಮಗೆಲ್ಲ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸಿದ. ಅವನು ಕೈ ಬಿಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಮಿತಿಯ ಸಭೆಗೆ ನಾಲ್ಕು ದಿನವಿತ್ತು. ಶ್ರೀವಿದ್ಯಾ ಥ್ಯಾಂಕ್ಸ್ ಹೇಳಿಬರಲು ಶೆಡ್ಡಿಗೆ ಹೋದಳು, ಜೊತೆಗೆ ನಾನೂ ಹೋದೆ. ಬಾಗಿ ಚಾ ಲೋಟ ಚಾಚಿದಳು. ಬೆರಳುಗಳು ಮೊದಲಿನ ಹಾಗೆಯೇ ಒಡೆದಿದ್ದವು.

"ಬಾಗಿ ಅಕ್ಕ, ಮದ್ದ್ ಹಚ್ಲಿಲ್ಯಾ?" ಶ್ರೀವಿದ್ಯಾ ಕೇಳಿದಳು.

"ಹಚ್ಚುಕೆ ಎಲ್ಲಿತ್ತ್ ಹೆಣೆ? ತಮ್ಮ ನಾಗ ಬೋಟಿಗ್ ತಕಂಡ್ ಹೋದ. ಹಗ್ಗ ಎಳ್ದ್ ಎಳ್ದ್ ಅವನ್ ಕೈ ಹರ್ದ್ ಹೋಯಿತ್ತ್. ಅಷ್ಟ್ ಒಳ್ಳೆ ಮದ್ದ್ ನಮ್ ಕೈಗ್ ಎಂತಕೆ, ದಂಡ!"

"ಮತ್ತೆ ಲಾಯ್ಕಿತ್ತ್ ಅಂದ್ರಿ?"

"ಅವ ಲಾಯ್ಕಿತ್ತ್ ಅಂದ, ನಾ ಹಾಂಗೇ ಹೇಳ್ದೆ. ಸುಳ್ಳ್ ಎಂತ ಇತ್ತ್ ಅದ್ರಗೆ?"

ಉಳಿದವರನ್ನೂ ಕೇಳಿದೆವು. ಐವತ್ತಕ್ಕೂ ಹೆಚ್ಚು ಟ್ಯೂಬುಗಳು ಗಂಡಂದಿರ, ತಮ್ಮಂದಿರ ಜೊತೆ ಕಡಲಿಗೆ ಹೋಗಿದ್ದವು. ಒಂದೆರಡು, ಮಗಳ ಬಾಣಂತನಕ್ಕಿರಲಿ ಎಂದು ದೇವರ ಪಟದ ಹಿಂದೆ ಸೇರಿದ್ದವು. ತಮ್ಮ ಕೈಗೆ ಹಚ್ಚಿಕೊಂಡವರು ನಾಲ್ಕೇ ಜನ. ಶ್ರೀವಿದ್ಯಾ ಶೆಡ್ಡಿನ ಹೊರಗೆ ಹೋಗಿ ಕಣ್ಣೊರೆಸಿಕೊಂಡಳು.

ಸಂಜೆ ಐಸ್ ಪ್ಲಾಂಟಿನಲ್ಲಿ ಕೂತಾಗ ನಾನೊಂದು ಮಾತಾಡಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. "ಫಾರಂ ಕೈಯಲ್ಲಿದೆ, ಸಹಿ ಇದೆ. ಸಮಿತಿಯವರು ತ್ರಾಸಿಗೆ ಬಂದು ಕೈ ನೋಡುತ್ತಾರೆಯೇ?"

ರತ್ನಾಕರ ನನ್ನತ್ತ ತಿರುಗಿಯೂ ನೋಡಲಿಲ್ಲ. ಅವಳಿಗೆ ಹೇಳಿದ: "ತಪ್ಪ್ ನಂದ್ ಡಾಕ್ಟ್ರೇ. ನಮ್ ಅಬ್ಬಿಯೂ ಬಾಗಿ ಹಾಂಗೆ ಚಟ್ಲಿ ಸುಲೀತಿದ್ಲ್. ಮಾವ ಬೊಂಬಾಯಿಂದ ಕೈಗ್ ಹಚ್ಚು ಕ್ರೀಮ್ ತಂದ್ ಕೊಟ್ಟಿದ್ರ್. ಮುಚ್ಚಳ ತೆಗೀಲಿಲ್ಲ ಅವ್ಳ್. ಸತ್ತ್ ಮೇಲೆ ಪೆಟ್ಟಿಗೆಯಗೆ ಸಿಕ್ತ್, ಒಣ್ಗಿ ಕಲ್ಲಾಯಿತ್ತ್. ಬೇರೆ ಯಾರಿಗ್ ಗೊತ್ತಿಲ್ದಿದ್ರೂ ನಂಗ್ ಗೊತ್ತಿರ್ಕಿತ್ತ್."

ತಾಯಿಯ ವಿಷಯ ಅವನು ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಸಭೆಯಲ್ಲಿ ಶ್ರೀವಿದ್ಯಾ ಎದ್ದು ನಿಂತು, ಈ ಅರವತ್ತು ಫಾರಂ ನಂಬಬೇಡಿ ಎಂದಳು. ನಡೆದದ್ದನ್ನೆಲ್ಲ ಹೇಳಿದಳು. ಅಧ್ಯಕ್ಷರು ಫೈಲು ಮುಚ್ಚಿದರು. ಆಗ ರತ್ನಾಕರ, ಬೋಟಿಗೆ ಹೋಗಿ ಕೇಳಿ ತಂದಿದ್ದ ನಾಗನ ಟ್ಯೂಬನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. ಹಿಂಡಿ ಹಿಂಡಿ ಚಪ್ಪಟೆಯಾಗಿತ್ತು. ಸಾಲದ್ದಕ್ಕೆ, ಮೀನು ಕೊಯ್ಯುವ ಕತ್ತಿಯಿಂದ ಉದ್ದಕ್ಕೆ ಸೀಳಿ ಒಳಗಿನದನ್ನೂ ಕೆರೆದು ತೆಗೆದಿದ್ದರು.

"ಬೇಡದ್ ವಸ್ತುನ ಯಾರೂ ಹೀಂಗೆ ಕೆರೂದಿಲ್ಲ ಸಾರ್" ಎಂದ, ಅಷ್ಟೇ.

ಆ ಟ್ಯೂಬ್ ಕೈಯಿಂದ ಕೈಗೆ ಹೋಯಿತು. ಒಂದು ಗಂಟೆ ಚರ್ಚೆ. ಕೊನೆಗೆ ಸೆಪ್ಟೆಂಬರ್‌ವರೆಗೆ ಅವಧಿ ಕೊಟ್ಟರು. ಒಂದು ಷರತ್ತು: ಹೆಂಗಸರು ತಮ್ಮ ಕೈಗೆ ಹಚ್ಚಿಕೊಂಡದ್ದನ್ನೇ ನೋಡಿ ಬರೆದುಕೊಂಡು ಬರಬೇಕು.

ಶ್ರೀವಿದ್ಯಾ ಸಣ್ಣ ಟ್ಯೂಬ್, ದೊಡ್ಡ ಟ್ಯೂಬ್ ಎಂದು ಲೆಕ್ಕ ಹಾಕುತ್ತಿದ್ದಳು. ರತ್ನಾಕರ ತಲೆಯಾಡಿಸಿದ: "ಕೊಟ್ರೆ ಮನಿಗ್ ಹೋತ್ತ್ ಮಾರಾಯ್ರೆ. ಕೊಡೂದೇ ಬ್ಯಾಡ." ಮರುದಿನ ಪಂಪು ಒತ್ತಿದರೆ ಮುಲಾಮು ಬರುವ ದೊಡ್ಡ ಡಬ್ಬಿಯೊಂದನ್ನು ತಂದು, ಶೆಡ್ಡಿನ ನಲ್ಲಿ ಪಕ್ಕದ ಕಂಬಕ್ಕೆ ಸರಪಳಿ ಹಾಕಿ ಬಿಗಿದ. ಮನೆಗೆ ಒಯ್ಯುವ ಹಾಗಿಲ್ಲ, ಪೆಟ್ಟಿಗೆಯಲ್ಲಿ ಇಡುವ ಹಾಗಿಲ್ಲ. ಕೈ ತೊಳೆದ ಮೇಲೆ ಅಲ್ಲೇ ಹಚ್ಚಿಕೊಳ್ಳಬೇಕು.

ಎರಡು ದಿನ ಯಾರೂ ಮುಟ್ಟಲಿಲ್ಲ. ಮೂರನೇ ದಿನ ಬಾಗಿ ಆಚೆ ಈಚೆ ನೋಡಿ ಒಮ್ಮೆ ಒತ್ತಿದಳು. ಆಮೇಲೆ ಸಾಲು ನಿಂತಿತು. ಮೀನಿನ ವಾಸನೆಗೆ ಹೆದರುವ ಮನೆಯ ಮಗಳು ದಿನಾ ಸಂಜೆ ಅಲ್ಲೇ ಸ್ಟೂಲು ಹಾಕಿ ಕೂತು ಒಂದೊಂದೇ ಕೈ ಹಿಡಿದು ನೋಡಿ ಬರೆದುಕೊಂಡಳು. ನಾಲ್ಕನೇ ವಾರಕ್ಕೆ ಬಾಗಿಯ ಬೆರಳಿನ ಬಿರುಕುಗಳು ಕೂಡಿಕೊಂಡಿದ್ದವು.

ಅದೇ ವಾರ ನಾಗ ಖಾಲಿ ಸ್ಟೀಲ್ ಕರಡಿಗೆಯೊಂದನ್ನು ಹಿಡಿದುಕೊಂಡು ಬಂದ. "ಅಕ್ಕ, ಇದ್ರಗೆ ಒಂಚೂರ್ ಹಾಕ್."

ಕೊಡುತ್ತಾಳೆ ಅಂದುಕೊಂಡೆ. ಶ್ರೀವಿದ್ಯಾಳೂ ಪೆನ್ನು ಕೆಳಗಿಟ್ಟಳು. ಬಾಗಿ ಎದ್ದು ಹೋಗಿ ಡಬ್ಬಿಗೆ ಅಡ್ಡ ನಿಂತಳು.

"ಇಲ್ಲ. ಇದ್ ನಮ್ ಕೈಗೆ ಇಪ್ದ್. ನಿಂಗ್ ಬೇಕಾರೆ ದುಡ್ಡ್ ಕೊಟ್ ತಕೋ."

ನಾಗ ತಬ್ಬಿಬ್ಬಾಗಿ ಅಕ್ಕನನ್ನೇ ನೋಡಿದ. ಆಮೇಲೆ ಶ್ರೀವಿದ್ಯಾಳ ಕಡೆ ತಿರುಗಿದ. "ಕ್ರಯ ಎಷ್ಟ್ ಡಾಕ್ಟ್ರೇ?"

ಏಳು ವರ್ಷದಲ್ಲಿ ಆ ಪ್ರಶ್ನೆ ಕೇಳಿದವನು ಅವನೇ ಮೊದಲಿಗ. ಮಾರುವುದಕ್ಕೆ ಪರವಾನಗಿ ಇನ್ನೂ ಬಂದಿರಲಿಲ್ಲ, ಬೆಲೆಯೂ ನಿಗದಿಯಾಗಿರಲಿಲ್ಲ. ಅವಳು ಉತ್ತರಕ್ಕಾಗಿ ರತ್ನಾಕರನನ್ನು ಹುಡುಕಿದಳು. ಅವನು ನಲ್ಲಿಯ ಹತ್ತಿರ ನಮಗೆಲ್ಲ ಬೆನ್ನು ಹಾಕಿ ನಿಂತು, ಮತ್ತೆ ಮತ್ತೆ ಮುಖ ತೊಳೆದುಕೊಳ್ಳುತ್ತಿದ್ದ.