ಎಮ್ಮೆಯ ಹೆಗಲ ಮೇಲಿನ ಕಾಗೆ

ನಮ್ಮ ಎಮ್ಮೆಯ ಹೆಗಲಿಗೆ ಗಾಯ ಮಾಡಿದ್ದು ನಮ್ಮದೇ ಇನ್ನೊಂದು ಎಮ್ಮೆ. ಮೇವಿಗೆ ಜೋಳದ ಕಣಿಕೆ ಹಾಕುವಾಗ ನುಗ್ಗಿ ಬಂದು ಕೋಡಿನಿಂದ ತಿವಿಯಿತು. ಮಧ್ಯಾಹ್ನ ನೋಡಿದರೆ ಎರಡೂ ಬೇವಿನ ನೆರಳಲ್ಲಿ ಒಂದಕ್ಕೊಂದು ಒರಗಿ ಮೆಲುಕು ಹಾಕುತ್ತಿದ್ದವು. ನನಗೆ ಸಿಟ್ಟು ಬಂತು. ತಿವಿದ ಮೇಲೆ ಒರಗುವುದೇನು?

ಗಾಯವಾದದ್ದು ಗಬ್ಬದ ಎಮ್ಮೆಗೆ. ದೇವದುರ್ಗದಿಂದ ದನದ ಡಾಕ್ಟರು ಬಂದು ಸೂಜಿ ಹಾಕಿ, ಹಚ್ಚಲು ಮುಲಾಮು ಕೊಟ್ಟರು.

"ಯವ್ವಾ, ಗಾಯದಾಗ ಹುಳ ಬೀಳದಂಗ ನೋಡ್ಕೋರಿ. ಬಿದ್ದು ಒಳಗ ಹೊಕ್ಕರ ಎಮ್ಮಿ ದಕ್ಕೂದು ಕಷ್ಟ."

ನನಗೆ ಎಮ್ಮೆಯ ಮೇಲೆ ಪ್ರೀತಿ ಗೀತಿ ಏನಿಲ್ಲ. ಆದರೆ ಅರಕೇರಾದ ನಮ್ಮ ಮನೆಗೆ ಹಾಲು ಅದರಿಂದಲೇ. ಹೊಟ್ಟೆಯಲ್ಲಿ ಕರು ಬೇರೆ.

ತೊಡಕು ತಂದದ್ದು ಒಂದು ಕಾಗೆ. ಅದು ದಿನಾ ಬಂದು ಎಮ್ಮೆಯ ಕಿವಿಯಲ್ಲಿ ರಕ್ತ ಹೀರುವ ಉಣ್ಣೆಗಳನ್ನು ಹೆಕ್ಕಿ ತಿನ್ನುತ್ತಿತ್ತು. ಎಮ್ಮೆಯೂ ಕಿವಿ ಬಾಗಿಸಿ ಸುಮ್ಮನೆ ನಿಲ್ಲುತ್ತಿತ್ತು. ಈಗ ಉಣ್ಣೆ ಮುಗಿಸಿ ಹೆಗಲಿಗೆ ಹಾರಿ ಗಾಯವನ್ನೇ ಕುಕ್ಕತೊಡಗಿತು. ಕೋಲು ಹಿಡಿದು ಕಟ್ಟೆಯ ಮೇಲೆ ಕುಳಿತೆ. ಕಾಗೆ ಬರುವುದು ನಿಂತಿತು, ಆದರೆ ಉಣ್ಣೆ ಹೆಚ್ಚಾದವು. ತುರಿಕೆ ತಾಳದೆ ಎಮ್ಮೆ ಕಂಬಕ್ಕೆ ಮೈ ಉಜ್ಜಿ ಗಾಯ ಇನ್ನಷ್ಟು ಬಿಚ್ಚಿಕೊಂಡಿತು. ಓಡಿಸಿದರೂ ಕೇಡು, ಬಿಟ್ಟರೂ ಕೇಡು.

ರಾಯಚೂರಿನಲ್ಲಿ ಓದುವ ಮೊಮ್ಮಗಳು ರಜೆಗೆ ಬಂದಿದ್ದಳು. ಹೊರಸಿನ ಮೇಲೆ ಪುಸ್ತಕ ಹಿಡಿದು ಮಲಗಿದ್ದವಳನ್ನು ಕೇಳಿದೆ.

"ಏ ಹುಡುಗಿ, ಕಾಗಿ ಎಮ್ಮಿಗೆ ಗೆಳ್ಯಾನೋ ವೈರಿಯೋ?"

"ಎರಡೂ ಇರಬಹುದು ಬೇ. ಜೀವಗೋಳು ಒಂದರ ಕೂಡ ಒಂದು ಬಡಿದಾಡ್ಕೋಂತ ಬಂದಾವ. ಕೂಡಿ ಬಾಳ್ಕೋಂತನೂ ಬಂದಾವ. ಹಂಗ ಬದಲಾಗಿ ಬದಲಾಗಿ ಇವತ್ತಿನ ತನ ಉಳದಾವ."

"ಎರಡೂ ಖರೇನಾ?"

"ಎರಡೂ ಖರೇನ."

"ಹಂಗಾದ್ರ ಕೋಲು ಎತ್ಲೋ ಇಳಸ್ಲೋ, ಅದನ್ನ ಹೇಳು."

"ಅದು ಪುಸ್ತಕದಾಗ ಇಲ್ಲ, ಯವ್ವಾ," ಎಂದು ನಕ್ಕಳು.

"ಮತ್ಯಾಕ ಓದತೀದಿ ಅಷ್ಟು ದಪ್ಪಂದು? ಎದ್ದು ಕಣಿಕಿ ಹಾಕು."

ಹಳೆಯ ಕೌದಿಯ ತುಂಡನ್ನು ಗಾಯದ ಮೇಲೆ ಹೊದಿಸಿ ಹಗ್ಗ ಬಿಗಿದೆ. ಕಾಗೆಯನ್ನು ಬರಗೊಟ್ಟೆ. ಕೆಲವು ದಿನ ಸರಿಹೋಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಕೌದಿ ಜಾರಿದೆ, ಕಾಗೆ ಗಾಯದಲ್ಲಿ ಕೊಕ್ಕಿಟ್ಟಿದೆ. ಹೊಡೆಯಲು ಕೈ ಎತ್ತಿದೆ. ಕೊಕ್ಕಿನಲ್ಲಿ ಬಿಳಿ ಹುಳವೊಂದು ಮಿಸುಕುತ್ತಿತ್ತು. ನಾನು ಹೆದರಿದ್ದ ಹುಳ ಆಗಲೇ ಬಿದ್ದಿತ್ತು, ಅದನ್ನು ಈ ಕಾಗೆ ನುಂಗುತ್ತಿದೆ! ಕೈ ಅಲ್ಲೇ ನಿಂತಿತು. ಮರುಕ್ಷಣ ಅದೇ ಕಾಗೆ ಮಾಂಸ ಜಗ್ಗಿತು, ರಕ್ತ ಬಂತು. ಕೋಲು ಬೀಸಿದೆ.

ಡಾಕ್ಟರನ್ನು ಮತ್ತೆ ಕರೆಸಿ ಗಾಯ ತೊಳೆಸಿದೆ. ಆಮೇಲೆ ಔಷಧಿ ಹಚ್ಚಿ ಕಾಯುವುದೇ ನನ್ನ ಕೆಲಸವಾಯಿತು. ಕಾಗೆ ಕಿವಿಯ ಮೇಲಿದ್ದರೆ ಸುಮ್ಮನಿರುತ್ತಿದ್ದೆ, ಹೆಗಲಿಗೆ ಇಳಿದರೆ ಎಬ್ಬಿಸುತ್ತಿದ್ದೆ. ತಿವಿದ ಎಮ್ಮೆ ಪಕ್ಕದಲ್ಲಿ ನಿಂತು ಗಾಯದ ಸುತ್ತ ಬಾಲದಿಂದ ನೊಣ ಹೊಡೆಯುತ್ತಿತ್ತು. ತನ್ನ ನೊಣವೋ ಇದರ ನೊಣವೋ ಯಾರಿಗೆ ಗೊತ್ತು?

ಗಾಯ ಒಣಗಿತು. ಔಷಧಿಯಿಂದಲೋ, ಕೌದಿಯಿಂದಲೋ, ಕಾಗೆಯಿಂದಲೋ ತಿಳಿಯದು. ಮೊನ್ನೆ ಮೊಮ್ಮಗಳು ಫೋನ್ ಮಾಡಿ, "ಕಡೀಕ ಗೆಳ್ಯಾನೋ ವೈರಿಯೋ?" ಎಂದು ಕೆಣಕಿದಳು.

"ನನಗೇನ್ ಗೊತ್ತು? ಎಮ್ಮಿ ಈದದ, ಹೆಣ್ಣು ಕರ," ಎಂದೆ.

ಕಾಗೆ ಈಗ ಕರುವಿನ ಹಸಿ ಹೊಕ್ಕುಳು ನೋಡುತ್ತ ಕಂಬದ ಮೇಲೆ ಕೂರುತ್ತದೆ. ಕೋಲು ಇನ್ನೂ ನನ್ನ ಕೈಯಲ್ಲೇ ಇದೆ.