ಎರಡು ಮಾರು ತಂತಿ

ಅರವತ್ತರ ದಶಕದ ಕೊನೆಯ ವರ್ಷಗಳು. ತುಮಕೂರಿನ ಒಂದು ಕಾಲೇಜಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ನಾನು ಹೊಸ ಉಪನ್ಯಾಸಕ. ಗುಬ್ಬಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಮೆಕ್ಯಾನಿಕ್ ನನಗಿಂತ ಹತ್ತು ವರ್ಷ ದೊಡ್ಡವರು, ಆದರೆ ಹಂಗಾಮಿ. ಕೆಲಸ ಕಾಯಂ ಆಗಬೇಕಾದರೆ ಅವರೊಂದು ಟೈಮರ್ ಕಟ್ಟಿ ತೋರಿಸಬೇಕಿತ್ತು. ವರದಿ ಬರೆಯಬೇಕಾದವನು ನಾನು.

ಟೈಮರಿನ ಪಲ್ಸ್, ಅಂದರೆ ವಿದ್ಯುತ್ತಿನ ಮಿಡಿತ, ಅದನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನ ಪರದೆಯ ಮೇಲೆ ಇಟ್ಟಿಗೆಯ ಹಾಗೆ ನೇರ ಅಂಚು, ಚೂಪು ಮೂಲೆಯದಾಗಿ ಕಾಣಬೇಕು. ನಮ್ಮದರ ಮೂಲೆ ಏಳುವಾಗಲೇ ಬಾಗುತ್ತಿತ್ತು, ಸವೆದ ಸೋಪಿನ ಹಾಗೆ. ಕೆಪಾಸಿಟರ್ ಬದಲಾಯಿಸಿದೆವು, ಟ್ರಾನ್ಸಿಸ್ಟರ್ ಬದಲಾಯಿಸಿದೆವು. ಅವರು ಪ್ರತಿ ಬೆಸುಗೆಯನ್ನೂ ಬಿಚ್ಚಿ ಮತ್ತೆ ಹಾಕಿದರು. ಬಾಗು ಹೋಗಲಿಲ್ಲ.

ಲ್ಯಾಬಿಗೆಲ್ಲ ಇದ್ದದ್ದು ಒಂದೇ ಸ್ಕೋಪ್. ಆಯುಧಪೂಜೆಯ ದಿನ ಕುಂಕುಮವಿಟ್ಟು ಕೂರಿಸಿದ ಮೇಜಿನಿಂದ ಅದನ್ನು ಕದಲಿಸಕೂಡದೆಂದು ಮುಖ್ಯಸ್ಥರ ಕಟ್ಟಪ್ಪಣೆ. ಹೊಗೆ ಹೊರಹೋಗಲೆಂದು ಬೆಸುಗೆಯ ಕೆಲಸವೆಲ್ಲ ದೂರದ ಕಿಟಕಿಯ ಬೆಂಚಿನಲ್ಲಿ; ಟೈಮರ್ ಇದ್ದದ್ದೂ ಅಲ್ಲೇ. ಅಲ್ಲಿಂದ ಸ್ಕೋಪಿಗೆ ನಾನೇ ಎರಡು ಮಾರು ಶೀಲ್ಡೆಡ್ ತಂತಿ, ಲೋಹದ ಜಾಲರಿ ಹೊದಿಸಿದ್ದು, ಎಳೆದಿದ್ದೆ.

"ಸಾರ್, ಆ ತಂತಿ ಒಸಿ ಗಿಡ್ಡ ಮಾಡಿ ನೋಡಾನ," ಎಂದರು ಮೆಕ್ಯಾನಿಕ್.

"ತಂತಿ ಬರೀ ತಂತಿ ಕಣ್ರೀ. ನಿಮ್ ಬೆಸುಗೆ ನೋಡ್ಕೊಳ್ಳಿ," ಎಂದೆ.

ತಂತಿ ಗಿಡ್ಡ ಮಾಡುವ ಮಾತನ್ನು ಅವರು ನಿಜವಾಗಿ ಅಂದಿದ್ದರೇ? ಅಥವಾ ನಿಜ ತಿಳಿದ ಮೇಲೆ ನಾನೇ ಅವರ ಬಾಯಲ್ಲಿ ಇಟ್ಟೆನೇ? ಆ ದಿನದ ಡೈರಿಯಲ್ಲಿ 'ಮೂಲೆ ಸರಿಹೋಗಲಿಲ್ಲ' ಎಂದಷ್ಟೇ ಇದೆ. ಕೈಕೆಲಸ ಸಾಲದು ಎಂದು ವರದಿ ಕೊಟ್ಟೆ. ಅವರ ಕೆಲಸ ಹೋಯಿತು.

ಮುಂದಿನ ಆಯುಧಪೂಜೆಗೆ ಮೇಜು ತೊಳೆಯಲೆಂದು ಸ್ಕೋಪನ್ನು ಕಿಟಕಿಯ ಬೆಂಚಿಗೆ ಇಳಿಸಿದರು. ಅದೇ ಟೈಮರಿಗೆ ಮೊಳದುದ್ದದ ತಂತಿ ಜೋಡಿಸಿದೆ. ಅಂಚು ನೆಟ್ಟಗೆ ನಿಂತಿತು. ನನ್ನ ಉದ್ದ ತಂತಿಯೇ ಒಂದು ಕೆಪಾಸಿಟರಿನಂತೆ ವಿದ್ಯುತ್ತನ್ನು ಹಿಡಿದಿಟ್ಟು ಪಲ್ಸನ್ನು ಬಾಗಿಸುತ್ತಿತ್ತು. ಯಾರಿಗೂ ಹೇಳಲಿಲ್ಲ. ಆಮೇಲೆ ಸ್ಕೋಪಿನ ಪರದೆ ಬೆಳಗಿದಾಗಲೆಲ್ಲ ಮೊದಲು ಆ ಬಾಗೇ ಕಾಣುತ್ತಿತ್ತು, ಕಣ್ಣುಜ್ಜಿಕೊಂಡರೆ ಇರುತ್ತಿರಲಿಲ್ಲ.

ಮರುವರ್ಷ ಕುಣಿಗಲ್ ಬಸ್ ಸ್ಟ್ಯಾಂಡಿನ ಬಳಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಆ ಮೆಕ್ಯಾನಿಕ್ ಸಿಕ್ಕರು. ಸ್ಟೂಲ್ ಒರೆಸಿ ಕೂರಿಸಿದರು.

"ಏನ್ ಸಾರ್, ದೇವ್ರ ಪೆಟ್ಟಿಗೆ ಇನ್ನೂ ಅಲ್ಲೇ ಕುಂತದಾ?" ಎಂದು ನಕ್ಕರು. ಆಮೇಲೆ ಕೈಯಲ್ಲಿದ್ದ ರೇಡಿಯೋ ಕೆಳಗಿಟ್ಟು, "ಆ ಮೂಲೆ ಸರಿಹೋಯ್ತಾ?"

"ಇಲ್ಲ," ಎಂದೆ.

"ಅಂಗಾದ್ರೆ ನನ್ ಕೈದೇ ತಪ್ಪು ಬುಡಿ. ಸುಮ್ನೆ ತಂತಿ ಮ್ಯಾಲೆ ಅನುಮಾನ ಪಟ್ಟೆ."

ಈ ಮಾತನ್ನು ಅಂದೇ, ತುಮಕೂರಿನ ಬಸ್ಸಿನಲ್ಲಿ ಕೂತು ಡೈರಿಗೆ ಬರೆದುಕೊಂಡಿದ್ದೇನೆ. ಅಕ್ಷರಗಳು ಕುಲುಕಾಡಿವೆ, ಆದರೆ ಓದಲು ಬರುತ್ತದೆ. ನನ್ನ 'ಇಲ್ಲ' ಕೂಡ ಅಲ್ಲೇ ಇದೆ.