ಘಾಟು ಬಾರದ ಮೆಣಸಿನಕಾಯಿ

ದೃಷ್ಟಿ ತಾಗುತ್ತದೆ ಎಂಬ ನಂಬಿಕೆಯನ್ನು ಖಂಡಿಸಿ ನಾನು ಇಪ್ಪತ್ತು ನಿಮಿಷ ತಡೆಯಿಲ್ಲದೆ ಮಾತನಾಡಬಲ್ಲೆ. ಕಾಲೇಜಿನ ಚರ್ಚಾಕೂಟದಲ್ಲಿ ಮಾತನಾಡಿಯೂ ಇದ್ದೇನೆ. ಕಣ್ಣು ಬೆಳಕನ್ನು ಒಳಗೆ ತೆಗೆದುಕೊಳ್ಳುವ ಅಂಗವೇ ಹೊರತು ಹೊರಗೆ ಏನನ್ನೂ ಕಳಿಸುವ ಅಂಗವಲ್ಲ. ಹೀಗಿರುವಾಗ ಯಾರೋ ನೋಡಿದ ಮಾತ್ರಕ್ಕೆ ಹಾಲು ಒಡೆಯುವುದು, ಕೂಸು ಅಳುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕೊಟ್ಟವರನ್ನು ನಾನು ಇನ್ನೂ ಕಂಡಿಲ್ಲ. ಆದ್ದರಿಂದ ಮುಂದಿನದನ್ನು ಓದಿ ನಾನು ಪಕ್ಷ ಬದಲಿಸಿದೆ ಎಂದು ಯಾರೂ ತಿಳಿಯಬಾರದು. ನಡೆದದ್ದನ್ನು ನಡೆದಂತೆ ಹೇಳುತ್ತೇನೆ. ನನಗೆ ಅನುಕೂಲವಲ್ಲದ ಸಂಗತಿಗಳನ್ನೂ ಬಿಡುವುದಿಲ್ಲ. ಅವುಗಳಲ್ಲಿ ಮೊದಲನೆಯದು, ನನಗೆ ಪ್ರಲ್ಹಾದನ ಮೇಲೆ ಹೊಟ್ಟೆಕಿಚ್ಚು ಇತ್ತು.

ಪ್ರಲ್ಹಾದ, ನಾನು ಮಾಳಮಡ್ಡಿಯ ಒಂದೇ ಓಣಿಯವರು. ಒಂದೇ ಸಾಲೆಯಲ್ಲಿ ಕಲಿತು ಒಂದೇ ಕಾಲೇಜಿಗೆ ಹೋದವರು. ಓದಿದ್ದು ನಾನೇ ಹೆಚ್ಚು. ಚರ್ಚೆಯ ಹಿಂದಿನ ವಾರವೆಲ್ಲ ನಾನು ಟಿಪ್ಪಣಿ ಬರೆಯುತ್ತ ಕೂತರೆ ಅವನು ಕೆರೆಯಲ್ಲಿ ಈಜುತ್ತಿದ್ದ. ಆದರೂ ಅವನು ಎದ್ದು ವೇದಿಕೆಯ ಕಡೆ ನಡೆದರೆ ಸಾಕು, ಬಾಯಿ ತೆರೆಯುವ ಮೊದಲೇ ಅರ್ಧ ಸಭೆ ಅವನ ಪಾಲಾಗುತ್ತಿತ್ತು. ಅವನ ನಡಿಗೆಯೇ ಹಾಗೆ. ಅವಸರವಿಲ್ಲ, ಅಂಜಿಕೆಯಿಲ್ಲ. ಧೋತರದ ಕೆಳಗೆ ಕಾಣುವ ಮೀನಖಂಡಗಳು ಕಂಚಿನಲ್ಲಿ ಎರಕ ಹೊಯ್ದಂತೆ. ನನ್ನವು ಜೋಳದ ದಂಟು. ನಾನು ತುದಿಗಾಲ ಮೇಲೆ ನಿಂತು ಕೂಗಬೇಕು. ಅವನು ಬಲಗಾಲು ಮುಂದಿಟ್ಟು ಸುಮ್ಮನೆ ನಿಂತರೂ ನಡೆಯುತ್ತಿತ್ತು.

ಆ ವರ್ಷ ಚರ್ಚೆಯ ವಿಷಯ ಇದೇ ದೃಷ್ಟಿದೋಷ. ಗೆದ್ದವನು ಕಾಲೇಜಿನ ಪರವಾಗಿ ಪುಣೆಯ ಚರ್ಚಾಸ್ಪರ್ಧೆಗೆ ಹೋಗುವುದಿತ್ತು. ನಾನು ಕಾರಣದ ಮೇಲೆ ಕಾರಣ ಜೋಡಿಸಿ, ಗೋಡೆ ಕಟ್ಟಿದಂತೆ ವಾದ ಕಟ್ಟಿ ಕೂತೆ. ಪ್ರಲ್ಹಾದ ಎದ್ದು ನಿಂತು ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಸಭಾಪತಿಗಳ ಕಡೆ ತಿರುಗಿದ.

"ಕಣ್ಣಿನ್ಯಾಗ ಏನೂ ಇಲ್ಲ ಅಂತ ನಮ್ಮ ಗೆಳ್ಯಾರು ಭಾಳ ಛಂದ ಹೇಳಿದ್ರು. ಹಂಗಾದ್ರ ಅವರಿಗೆ ಸ್ವಲ್ಪ ಅತ್ತಾಗ ನೋಡ್ರಿ ಅಂತ ಹೇಳ್ರಿ. ಅವಾಗಿಂದ ನನಗ ಮೈ ಉರಿಯಾಕತ್ತದ."

ಸಭಾಪತಿಗಳು ಚಷ್ಮಾ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನನ್ನ ಗೋಡೆ ಅಲ್ಲಿಯೇ ಬಿತ್ತು. ಅವನು ಬಹುಮಾನಕ್ಕೆಂದು ನಡೆದು ಹೋಗುವಾಗ ನನ್ನ ಕಣ್ಣು ಅವನ ಬಲಗಾಲಿನ ಮೀನಖಂಡದ ಮೇಲೆ ನೆಟ್ಟಿತ್ತು. ಈ ಕಾಲಿಲ್ಲದಿದ್ದರೆ ನೀನು ಏನು, ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಒಂದೇ ಸಲ. ಆದರೆ ಪೂರ್ತಿ ಮನಸ್ಸಿನಿಂದ.

ಮೂರು ತಿಂಗಳಿಗೆ ಅದೇ ಮೀನಖಂಡದಲ್ಲಿ ಒಂದು ಗಂಟು ಕಾಣಿಸಿತು. ಮೊದಲು ಅಡಿಕೆಯಷ್ಟು, ಆಮೇಲೆ ಲಿಂಬೆಹಣ್ಣಿನಷ್ಟು. ನೋವಿರಲಿಲ್ಲ. ನೋವಿಲ್ಲವೆಂದೇ ಯಾರೂ ಲಕ್ಷ್ಯ ಕೊಡದೆ ಎಣ್ಣೆ ತಿಕ್ಕುತ್ತ ದಿನ ಕಳೆದರು. ಕೊನೆಗೆ ಹುಬ್ಬಳ್ಳಿಯ ಸರ್ಜನ್ನರು ಅದರ ಒಂದು ಚೂರು ಕೊಯ್ದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲು ಮುಂಬಯಿಗೆ ಕಳಿಸಿದರು. ಅಲ್ಲಿಂದ ಸಾರ್ಕೋಮಾ ಎಂದು ಉತ್ತರ ಬಂತು. ಎಲುಬಿನದಲ್ಲ, ಮಾಂಸಖಂಡದಲ್ಲಿಯೇ ಹುಟ್ಟುವ ಕೆಟ್ಟ ಗಂಟು.

ಪ್ರಲ್ಹಾದನಿಗೆ ತಂದೆ ಇರಲಿಲ್ಲ. ಉತ್ತರ ಕೇಳಲು ಅವನ ತಾಯಿ ಗಂಗಾ ಕಾಕುವಿನ ಜೊತೆ ನಾನೇ ಹೋಗಿದ್ದೆ. ಗಂಟನ್ನಷ್ಟೇ ಕೆತ್ತಿದರೆ ಬೇರು ಉಳಿದು ಮತ್ತೆ ಬರುತ್ತದೆ, ಮೊಣಕಾಲಿನ ಮೇಲೆಯೇ ಕಾಲು ತೆಗೆಯಬೇಕು ಎಂದರು ಸರ್ಜನ್ನರು. ಮುಂಬಯಿಯಲ್ಲಿ ರೇಡಿಯಮ್ ಇದೆ, ಆದರೆ ಅದರ ಮೇಲೆ ಭಾರ ಹಾಕುವ ಧೈರ್ಯ ತಮಗಿಲ್ಲ ಎಂದರು. ಸದ್ಯಕ್ಕೆ ಎದೆಯ ಕ್ಷ-ಕಿರಣದ ಚಿತ್ರ ಸ್ವಚ್ಛವಿತ್ತು. ಈ ರೋಗ ರಕ್ತದೊಡನೆ ಹೋಗಿ ಶ್ವಾಸಕೋಶದಲ್ಲಿ ನೆಲೆಸುತ್ತದೆಯಾದ್ದರಿಂದ ಮುಂದೆ ವರ್ಷಗಟ್ಟಲೆ ಕಾವಲು ಇರಬೇಕಿತ್ತು.

"ಕಾಲು ತೆಗದ್ರ ಉಳೀತಾನೇನ್ರಿ?" ಎಂದು ಕೇಳಿದಳು ಕಾಕು.

"ತೆಗದ್ರ ಉಳೀತಾನ ಅಂತ ಮಾತು ಕೊಡಾಂಗಿಲ್ಲ, ತಾಯಿ. ತೆಗೀದಿದ್ರ ಉಳಿಯೂದಿಲ್ಲ ಅನ್ನೂದು ಮಾತ್ರ ಹೇಳತೇನಿ. ಒಂದೊಂದು ವಾರನೂ ಲೆಕ್ಕದಾಗ ಅದ."

ಮನೆಗೆ ಬಂದ ಮೇಲೆ ಕಾಕು ಹಟ ಹಿಡಿದಳು. ಮಗನ ಕಾಲಿಗೆ ಯಾರದೋ ದೃಷ್ಟಿ ಆಗಿದೆ, ಅದು ಇಳಿಯದೆ ಕತ್ತಿ ಹಚ್ಚಿದರೆ ಗಾಯ ಮಾಯುವುದಿಲ್ಲ ಎಂದು. ದಿನಾ ದೀಪ ಹಚ್ಚುವ ಹೊತ್ತಿಗೆ ಏಳು ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮಗನಿಗೆ ನಿವಾಳಿಸಿ, ಅವನಿಂದ ಮೂರು ಸಲ ಉಗುಳಿಸಿ ಶೇಗಡಿಯ ಕೆಂಡಕ್ಕೆ ಹಾಕುವಳು. ಘಾಟು ಬರದಿದ್ದರೆ ದೃಷ್ಟಿ ಇಳಿದಂತೆ. ಆದರೆ ದಿನಾ ಘಾಟು ಬರುತ್ತಿತ್ತು, ಎಲ್ಲರೂ ಕೆಮ್ಮುತ್ತಿದ್ದೆವು. ಹೀಗೆ ಎರಡು ವಾರ ಹೋದವು.

ಓಣಿಗೆ ಓಣಿಯೇ ಅವನ ಹಾಸಿಗೆಯ ಸುತ್ತ ಇರುತ್ತಿತ್ತು. ಹಾಸಿಗೆ ಹಿಡಿದೂ ಅವನು ಸಭೆ ಕೂಡಿಸಿದ್ದಾನಲ್ಲ ಎಂದು ಆಗಲೂ ನನ್ನೊಳಗೆ ಚುಚ್ಚುತ್ತಿತ್ತು. ಅವನು ಸಾಯುವುದು ನನಗೆ ಬೇಕಾಗಿರಲಿಲ್ಲ. ಎರಡೂ ಖರೆ.

ಒಂದು ಭಾನುವಾರ ಸಂಜೆ ನಾನು ಕಾಕುವಿನೊಡನೆ ವಾದಕ್ಕೆ ಇಳಿದೆ. "ಘಾಟು ಬಂದ್ರ ದಿಷ್ಟಿನ ಇಲ್ಲ ಅಂತ ಯಾಕಾಗಬಾರದು, ಕಾಕೂ?"

"ಇಲ್ಲೋ ವಕೀಲಾ, ಇಳದಿಲ್ಲ ಅಂತ ಅದರ ಅರ್ಥ. ನನ್ನ ಕೈಲೆ ಇಳೀವಲ್ದು." ನಾನು ವಾದಿಸುತ್ತೇನೆಂದು ಅವಳು ನನ್ನನ್ನು ಸಣ್ಣಂದಿನಿಂದ ವಕೀಲ ಎಂದೇ ಕರೆಯುತ್ತಿದ್ದಳು.

ಹೇಗೆ ಬಿದ್ದರೂ ಸೋಲದ ವಾದ ವಾದವೇ ಅಲ್ಲ. ಆದರೆ ಅದನ್ನು ಅವಳಿಗೆ ತಿಳಿಸುವುದು ಹೇಗೆ? ನಾನೊಂದು ಪರೀಕ್ಷೆ ಹೂಡಿದೆ. ಒಂದೇ ಚೀಲದ ಮೆಣಸಿನಕಾಯಿ, ಒಂದೇ ಶೇಗಡಿ. ಅಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಅವನ ದೃಷ್ಟಿ ತೆಗೆಯಬೇಕು. ಎಲ್ಲರಿಗೂ ಘಾಟು ಬಂದರೆ ದೃಷ್ಟಿ ಇಲ್ಲವೆಂದು ಕಾಕು ಒಪ್ಪಿ ಮರುದಿನವೇ ಅವನನ್ನು ಹುಬ್ಬಳ್ಳಿಗೆ ಕರೆದೊಯ್ಯಬೇಕು. ಒಪ್ಪಿದಳು.

ಕಾಕು ತೆಗೆದಳು, ಘಾಟು. ಅವಳ ತಮ್ಮ, ನಾವೆಲ್ಲ ಮಾಮಾ ಎನ್ನುವವರು, ತೆಗೆದರು, ಘಾಟು. ಪಕ್ಕದ ಮನೆಯ ಸೀತಕ್ಕ ತೆಗೆದಳು, ಇನ್ನೂ ಜೋರು. ಎಲ್ಲರ ಕಣ್ಣಿನಲ್ಲೂ ನೀರು. ನಾನು ಗೆಲ್ಲುತ್ತಿದ್ದೆ. ಕೊನೆಗೆ ನನ್ನ ಪಾಳಿ.

ಏಳು ಕಾಯಿ ಎಣಿಸಿ ಹಿಡಿದು ಅವನ ಸುತ್ತ ಕೈ ತಿರುಗಿಸಿದೆ. ಧೋತರ ಸರಿದು ಆ ಮೀನಖಂಡ ಕಂಡಿತು. ಚರ್ಮ ಬಿಗಿದು ಹೊಳೆಯುತ್ತಿತ್ತು. ಬಹುಮಾನದ ದಿನ ನಾನು ನೋಡಿದ್ದ ಅದೇ ಜಾಗ. ಆ ದಿನ ಅಂದುಕೊಂಡ ಮಾತು ನೆನಪಾಯಿತು. ಪುಣೆ ನಿನಗೇ ಇರಲಿ ಮಾರಾಯ ಎಂದುಕೊಂಡು ಕಾಯಿಗಳನ್ನು ಕೆಂಡಕ್ಕೆ ಹಾಕಿದೆ.

ಅವು ಸುಟ್ಟವು, ಕರ್ರಗಾದವು, ಹೊಗೆ ಎದ್ದಿತು. ಘಾಟು ಬರಲಿಲ್ಲ. ಬಗ್ಗಿ ಮುಖವನ್ನು ಹೊಗೆಯಲ್ಲಿ ಹಿಡಿದೆ. ಒಣಹುಲ್ಲು ಸುಟ್ಟ ವಾಸನೆ, ಅಷ್ಟೇ. ಸೀನುತ್ತಿದ್ದ ಮಾಮಾ ಸೀನುವುದನ್ನು ನಿಲ್ಲಿಸಿದ್ದರು. ಖಾತ್ರಿಗೆಂದು ಅವರೇ ಚೀಲದಿಂದ ಇನ್ನೊಂದು ಕಾಯಿ ತೆಗೆದು ಅದೇ ಕೆಂಡಕ್ಕೆ ಎಸೆದರು. ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದೆವು.

ಕಾಕು ನನ್ನ ಗಲ್ಲ ಸವರಿ ತನ್ನ ಕಪಾಲಕ್ಕೆ ಬೆರಳು ಒತ್ತಿ ನೆಟಿಕೆ ಮುರಿದಳು. "ನಿನ್ನಷ್ಟು ಜೀವ ಹಚ್ಚಿಕೊಂಡಾಂವ ಯಾರಿದ್ದಾನೋ ಅವಂಗ. ಅದಕ್ಕ ನಿನ್ನ ಕೈಲೆ ಇಳೀತು" ಎಂದಳು. ನನಗೆ ತಲೆ ಎತ್ತಲಾಗಲಿಲ್ಲ.

ಮರುದಿನ ಹುಬ್ಬಳ್ಳಿಗೆ ಹೋದೆವು. ಆ ವಾರವೇ ಕಾಲು ತೆಗೆದರು. ಗಾಯ ಮಾಯಿತು. ಆಸ್ಪತ್ರೆಯಲ್ಲಿ ಮೊದಲ ಸಲ ನೋಡಲು ಹೋದಾಗ ಅವನು ಹೊದಿಕೆಯನ್ನು ಎಡಗಾಲಿನ ಮೇಲೆ ಎಳೆದುಕೊಂಡು, "ಲೇ, ಇದರ ಮ್ಯಾಲೆ ಕಣ್ಣು ಹಾಕಬ್ಯಾಡಪಾ. ಒಂದ ಉಳದದ" ಎಂದ. ನಕ್ಕೆ. ಚರ್ಚೆಯ ದಿನದ ಚೇಷ್ಟೆಯನ್ನೇ ಮುಂದುವರಿಸಿದನೋ, ಏನಾದರೂ ತಿಳಿದೇ ಅಂದನೋ, ಕೇಳುವ ಧೈರ್ಯವಾಗಲಿಲ್ಲ.

ಅದೇ ಚೀಲದಿಂದ ಮೆಣಸಿನಕಾಯಿ ಬೇಡಿ ತಂದು ನಾನು ಮನೆಯಲ್ಲಿ ಎಷ್ಟೋ ಸಲ ಸುಟ್ಟೆ. ನೀರಿನಲ್ಲಿ ನೆನೆಸಿದ್ದು, ಬಿಸಿಲಿಗೆ ಒಣಗಿಸಿದ್ದು, ಉರಿಯಲ್ಲಿ, ಬೂದಿ ಮುಚ್ಚಿದ ಕೆಂಡದಲ್ಲಿ. ಘಾಟು ಬರದ ದಿನವಿಲ್ಲ. ನಮ್ಮ ಅವ್ವ ಬೈದು ಚೀಲ ಕಸಿದುಕೊಂಡಳು.

ಇದಾಗಿ ನಾಲ್ಕು ವರ್ಷ. ವಕೀಲನೆಂದು ಕರೆಸಿಕೊಂಡವನು ನಾನು, ಆದವನು ಪ್ರಲ್ಹಾದ. ನಾನು ಸಾಲೆ ಮಾಸ್ತರ. ಈಗ ಅವನು ಊರುಗೋಲು ಊರುತ್ತ ವೇದಿಕೆಯ ಕಡೆ ಹೊರಟರೆ ಆ ಟಕ್ ಟಕ್ ಸದ್ದಿಗೆ ಸಭೆ ಉಸಿರು ಬಿಗಿಹಿಡಿಯುತ್ತದೆ. ಮೊದಲು ಅರ್ಧ ಸಭೆ ಅವನದಾಗುತ್ತಿತ್ತು, ಈಗ ಪೂರ್ತಿ. ಕಾಲಿಲ್ಲದಿದ್ದರೆ ನೀನು ಏನು ಎಂದು ಕೇಳಿದ್ದೆನಲ್ಲ, ಉತ್ತರ ಸಿಕ್ಕಿದೆ. ಹೊಟ್ಟೆಕಿಚ್ಚು ಕಡಿಮೆಯಾಗಿಲ್ಲ. ಅದಕ್ಕೆ ನಾನು ಕಂಬದ ಹಿಂದೆ ಕೂತು ನೆಲ ನೋಡುತ್ತ ಅವನ ಭಾಷಣ ಕೇಳುತ್ತೇನೆ.

ಹೋದ ತಿಂಗಳು ಒಂದು ಸಭೆಯಲ್ಲಿ ಅವನು ಎಷ್ಟು ಚೆನ್ನಾಗಿ ಮಾತನಾಡಿದನೆಂದರೆ, ಮರೆತು ತಲೆ ಎತ್ತಿ ನೋಡಿದೆ. ಅವನು ಮಾತಿನ ನಡುವೆ ಕೆಮ್ಮಿದ. ಒಂದೇ ಸಲ. ನೀರು ಕುಡಿದು ಮುಂದುವರಿಸಿದ.

ಮರುದಿನ ಸಂಜೆ ಅವನ ಮನೆಗೆ ಹೋದೆ. ಕೋಟಿನ ಜೇಬಿನಲ್ಲಿ ಏಳು ಮೆಣಸಿನಕಾಯಿ ಇದ್ದವು. ಹುಬ್ಬಳ್ಳಿಗೆ ಹೋಗಿ ಎದೆಯ ಚಿತ್ರ ತೆಗೆಸು ಎಂದು ಮೊದಲು ಹೇಳಿದೆ. ಮುಂದಿನ ವಾರ ಹೋಗುತ್ತೇನೆ ಎಂದು ಒಪ್ಪಿದ. ಆಮೇಲೆ, ನಾಚಿಕೆ ಬಿಟ್ಟು, ಶೇಗಡಿ ಕೇಳಿದೆ. ಕಾಕು ಏನೂ ಕೇಳದೆ ತಂದಿಟ್ಟಳು. ಪ್ರಲ್ಹಾದ ನಗುತ್ತಲೇ ಉಗುಳಿದ.

ಕೆಂಡಕ್ಕೆ ಹಾಕಿದ್ದೇ ತಡ, ಘಾಟು ಮನೆಯನ್ನೆಲ್ಲ ತುಂಬಿತು. ಅಷ್ಟು ಸಂತೋಷದಿಂದ ನಾನು ಎಂದೂ ಕೆಮ್ಮಿರಲಿಲ್ಲ. "ಏನೂ ಇಲ್ಲಪಾ, ದಿಷ್ಟಿನ ಇಲ್ಲ" ಎಂದಳು ಕಾಕು ಸೆರಗಿನಿಂದ ಮೂಗು ಮುಚ್ಚಿಕೊಂಡು. ಆಗ ನನಗೆ ನೆನಪಾಯಿತು. ಇದೇ ಕಾಕು ಅಂದು ಇದೇ ಘಾಟಿಗೆ ಇಳಿದಿಲ್ಲ ಎಂದು ಅರ್ಥ ಹೇಳಿದ್ದಳು. ಈ ಎರಡರಲ್ಲಿ ಇವತ್ತಿನದು ಯಾವುದು? ನಾನು ಬಾಯಿ ತೆರೆಯುವುದರೊಳಗೆ ಪ್ರಲ್ಹಾದ ಕಣ್ಣೊರೆಸಿಕೊಳ್ಳುತ್ತ, "ಅವ್ವಾ, ವಕೀಲಗ ವಯಸ್ಸಾತು. ಕಣ್ಣಿನ್ಯಾಗ ಮೊದಲಿನ ಜೋರು ಉಳದಿಲ್ಲ" ಎಂದ.

ಕಾಕು ಕೆಮ್ಮುವುದನ್ನು ಮರೆತು ನಕ್ಕಳು. ನಾನೂ ನಕ್ಕೆ. ಆ ಮಾತು ಅವನಿಗಿಂತ ಮೊದಲು ನನಗೇಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು. ಕೂಡಲೇ ನೆಲ ನೋಡಿದೆ.